ಗೌರಿ ಹಬ್ಬಕ್ಕೆ ಅಕ್ಕ ಬಂದರು

ಷಿಕಾಗೋದಿಂದ ಕಾರಿನಲ್ಲಿ ಐದು ಗಂಟೆ ದೂರದ ವಾರೆನ್‌ಗೆ ಬಂದ ಹೊಸತರಲ್ಲಿ ನನಗೆ ಗೌರಿ ಪೂಜೆ ಕಲಿಸಿದವರು ಪಕ್ಕದ ಬಡಾವಣೆಯ ಅಕ್ಕ. ಮೈಸೂರಿನವರು. ಅವರ ಯಜಮಾನರು ಕಾರು ಕಂಪನಿಯಲ್ಲಿ ಎಂಜಿನಿಯರ್. ಇಲ್ಲಿ ಮೊರ ಎಲ್ಲಿ ಸಿಗಬೇಕು? ಅಡುಗೆಯ ಫಾಯಿಲ್ ಟ್ರೇಗಳಿಗೆ ಅರಿಶಿನ ಬಳಿದು ಅಕ್ಕ ಬಾಗಿನ ಜೋಡಿಸುತ್ತಿದ್ದರು. ಪ್ರತಿ ವರ್ಷ ನಮ್ಮೆಲ್ಲರ ಕೈಗೆ ಗೌರಿ ದಾರ ಕಟ್ಟುತ್ತಿದ್ದವರೂ ಅವರೇ.

ಒಂದು ಮಾರ್ಚ್‌ನಲ್ಲಿ, ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದ ಅವರ ಯಜಮಾನರು ಅಲ್ಲೇ ಕುಸಿದು ತೀರಿಕೊಂಡರು.

ಹಬ್ಬ ಹತ್ತಿರ ಬಂದಾಗ ಅಕ್ಕನಿಗೆ ಫೋನ್ ಮಾಡಿದೆ.

“ನಾನು ಬಂದ್ರೆ ನಿಮಗೆಲ್ಲ ಮುಜುಗರ ಕಣೇ. ನೀವು ಮಾಡ್ಕೊಳಿ,” ಅಂದರು.

“ಪೂಜೆ ನಮ್ಮನೇಲಿ, ಕರೀತಿರೋಳು ನಾನು. ನೀವು ಬರದೇ ಇದ್ರೆ ನಾನೂ ಮಾಡಲ್ಲ.”

ಬಂದರು. ಗ್ಯಾರೇಜಿನ ಬಾಗಿಲಿಂದ ನೇರ ಅಡುಗೆಮನೆಗೆ ಹೋಗಿ ಹೋಳಿಗೆ ತಟ್ಟಲು ನಿಂತರು. ಪೂಜೆ ಮುಗಿಯುವವರೆಗೂ ಲಿವಿಂಗ್ ರೂಮಿನ ಕಡೆ ತಲೆ ಹಾಕಲಿಲ್ಲ.

ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು ಎಲ್ಲರಿಗೂ ಅರಿಶಿನ ಕುಂಕುಮ ಕೊಡುತ್ತ ಅಡುಗೆಮನೆಯ ಬಾಗಿಲವರೆಗೆ ಬಂದಳು. ಅಕ್ಕನನ್ನು ನೋಡಿ ನಿಂತಳು. ತಲೆ ತಗ್ಗಿಸಿ ಹಿಂದಿರುಗಿದಳು. ಪಾಪ, ಊರಲ್ಲಿ ಕಂಡಿದ್ದನ್ನೇ ಅವಳೂ ಮಾಡಿದ್ದಳು. ಇಲ್ಲೇ ಹುಟ್ಟಿದ ನನ್ನ ಮಗಳು ಎಲ್ಲರಿಗೂ ಕೇಳಿಸುವಂತೆ ಕೇಳಿದಳು: “ಅಮ್ಮ, ವೈ ಡಿಡ್ ಶಿ ಸ್ಕಿಪ್ ಆಂಟಿ?”



ನಾನು ಆ ಹುಡುಗಿಯಿಂದ ಕುಂಕುಮ, ಹೂವಿನ ತಟ್ಟೆ ಈಸಿಕೊಂಡು ಒಳಗೆ ಹೋದೆ. ಅಕ್ಕ ಹಿಟ್ಟು ಮೆತ್ತಿದ ಕೈಯನ್ನು ಅಡ್ಡ ಹಿಡಿದರು.

“ನೀನು ಕೊಡ್ತೀಯ ಅಂತ ಗೊತ್ತಿತ್ತು. ಆದ್ರೆ ಇಟ್ಕೊಳ್ಳೋಕೆ ನನಗೇ ಆಗ್ತಿಲ್ಲ. ಅವರು ಹೋದ್ಮೇಲೆ ಕನ್ನಡಿ ಮುಂದೆ ನಿಂತೇ ಇಲ್ಲ ನಾನು.”

“ಹೂವಾದ್ರೂ ಮುಡ್ಕೊಳಿ ಅಕ್ಕ.”

ಅಕ್ಕ ತಲೆ ಬಾಗಿಸಿದರು. ಸೇವಂತಿಗೆಯನ್ನು ಅವರ ಮುಡಿಗೆ ಸಿಕ್ಕಿಸಿದೆ. ಕಾವಲಿಯ ಮೇಲಿನ ಹೋಳಿಗೆ ಸೀದ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರ.

ಊಟವಾದ ಮೇಲೆ ಹೊರಟರು. ಕಾರಿನಲ್ಲಿ ಕೂತು, ಹೂವನ್ನು ಮುಡಿಯಿಂದ ತೆಗೆದು ಪಕ್ಕದ ಖಾಲಿ ಸೀಟಿನ ಮೇಲೆ ಮೆಲ್ಲಗೆ ಇಟ್ಟಿದ್ದನ್ನು ಕಿಟಕಿಯಿಂದ ನೋಡಿದೆ.

ಚಳಿಗಾಲಕ್ಕೆ ಮುಂಚೆಯೇ ಅವರು ಮನೆ ಮಾರಿ, ಷಿಕಾಗೋ ಹತ್ತಿರದ ಲೈಲ್‌ನಲ್ಲಿ ಮಗಳ ಜೊತೆ ಇರಲು ಹೋದರು. ಮರುವರ್ಷ ಕರೆದೆ. “ಅಷ್ಟು ದೂರ ಡ್ರೈವ್ ಮಾಡೋಕೆ ಈಗ ಧೈರ್ಯ ಇಲ್ಲ,” ಅಂದರು. ಮಗಳು ಕರೆತರಬಹುದಿತ್ತು ಎಂದು ನಾನು ಹೇಳಲಿಲ್ಲ.

ಈಗಲೂ ಗೌರಿ ಹಬ್ಬದ ಬೆಳಿಗ್ಗೆ ಫೋನ್ ಮಾಡುತ್ತೇನೆ. ಮೊಮ್ಮಗನ ಸ್ಕೂಲು, ಅವರ ಮಂಡಿನೋವು, ಅಲ್ಲಿಯ ಸೆಕೆ, ಇಂಥವನ್ನೇ ಮಾತಾಡುತ್ತೇವೆ. ಅವತ್ತು ಹಬ್ಬ ಎನ್ನುವ ಮಾತನ್ನು ಇಬ್ಬರೂ ಎತ್ತುವುದಿಲ್ಲ.