ಉಲ್ಕಾನ್ ಕಿವಿಗೆ ಬೇಕಾದ ನಿಜ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರಿನ್ ಪೇಟೆಯ ಮೇಲಿನ ಬೆಟ್ಟದ ಹುಲ್ಲುಗಾವಲಿನ ಒಂದು ಕಂಬಳಿ ಡೇರೆಯೊಳಗೆ ಸೂಲಗಿತ್ತಿ ನರ್ಸ್ ಉಲ್ಕಾನ್ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈಯನ್ನು ಬಸುರಿಯ ಹೊಟ್ಟೆಯ ಮೇಲಿಡಬಾರದು. ಕೈ ಬೆಚ್ಚಗಾದ ಮೇಲೆ ಮರದ ಕೊಳವೆಯ ಒಂದು ತುದಿಯನ್ನು ಆ ಮನೆಯ ಸೊಸೆ ಐಜಾರ್ಕಿನ್ ಹೊಟ್ಟೆಗಿಟ್ಟು, ಇನ್ನೊಂದಕ್ಕೆ ಕಿವಿ ಒತ್ತುತ್ತಾರೆ. ಜಾಗ ಬದಲಿಸುತ್ತಾರೆ. ಮತ್ತೆ ಬದಲಿಸುತ್ತಾರೆ. ಮಗುವಿನ ಎದೆಬಡಿತ ಕೇಳುವುದಿಲ್ಲ.

“ಮಗು ಆಡ್ತಿದ್ಯೇನೇ?”

ಉತ್ತರ ಕೊಡುವವರು ಅತ್ತೆ ಟೊಕ್ಟೊಬೂಬು. “ನಾಲ್ಕು ತಿಂಗಳಿಗೆ ಎಲ್ಲಿ ಆಡುತ್ತೆ? ನಿನಗೂ ಅರುಳು ಮರುಳಾಯ್ತೇನು?”

ಹೆಪ್ಪು ಕೇಳಲು ಬಂದಿದ್ದ ಪಕ್ಕದ ಡೇರೆಯ ಜಿಪಾರ್ ಕಿಸಕ್ಕೆಂದು ನಗುತ್ತಾರೆ. ಸೊಸೆ ನಗುವುದಿಲ್ಲ. ಉಲ್ಕಾನರ ಬೆರಳನ್ನು ಗಟ್ಟಿಯಾಗಿ ಹಿಸುಕುತ್ತಾಳೆ.

ಬೇಸಿಗೆಯಲ್ಲಿ ಕುರಿ ಕುದುರೆಗಳ ಜೊತೆ ಮಂದಿ ಬೆಟ್ಟ ಹತ್ತಿದರೆ ಉಲ್ಕಾನ್ ಕೂಡ ಹತ್ತಲೇಬೇಕು. ಅಣ್ಣನ ಕುದುರೆ, ಹೆಗಲಿಗೊಂದು ಚೀಲ, ದಿನಕ್ಕೆ ನಾಲ್ಕೈದು ಡೇರೆ. ಹೊಳೆ ತುಂಬಿದ ದಿನ ಆಚೆ ದಡದವರ ಗತಿ ದೇವರಿಗೇ ಗೊತ್ತು. ಎಲ್ಲ ಕಡೆಯೂ ಬಸುರಿಯರಿಗೆ ಅವರದು ಅದೇ ಮಾತು: “ನಡುವಿನ ತಿಂಗಳುಗಳು ಮೋಸದವು ಕಣ್ರೇ. ವಾಂತಿ ನಿಲ್ಲುತ್ತೆ, ಹಸಿವು ಹೊತ್ತಿಕೊಳ್ಳುತ್ತೆ, ಮುಖಕ್ಕೆ ಕಳೆ ಬರುತ್ತೆ. ಎಲ್ಲ ಸಲೀಸಾಯ್ತು ಅಂತ ಕುದುರೆ ಹತ್ತುತ್ತೀರಿ. ಸೊಂಟ ನೋವು, ಸಂಜೆಗೆ ಕಾಲು ಊತ, ಇರಲಿ. ಮುಖ ಊದಿದ್ರೆ, ಕಣ್ಣು ಮಂಜಾದ್ರೆ, ಆಡ್ತಿದ್ದ ಮಗು ಸುಮ್ಮನಾದ್ರೆ ಮಾತ್ರ ನನ್ನ ಕರೀರಿ.”

ಐಜಾರ್ಕಿನ್ ಮುಖ ಊದಿದೆ. ಕೈಯ ಬೆಳ್ಳಿ ಬಳೆ ಚರ್ಮಕ್ಕೆ ಕಚ್ಚಿಕೊಂಡಿದೆ. ರಕ್ತದೊತ್ತಡ ಏರಿದೆ. ಉಲ್ಕಾನ್ ಅವಳ ಹೊಟ್ಟೆ ನೋಡುತ್ತಿರುವುದು ಇದೇ ಮೊದಲು. ನಾಲ್ಕು ತಿಂಗಳಾದರೆ ಗರ್ಭ ಹೊಕ್ಕುಳಿನ ಕೆಳಗೇ ಇರಬೇಕು. ಇದು ಹೊಕ್ಕುಳು ದಾಟಿದೆ. ಅವಳಿ ಇರಬಹುದೇ? ಅಥವಾ ಲೆಕ್ಕವೇ ಸುಳ್ಳೇ? ನಾಲ್ಕಾದರೆ ಮಗು ಆಡದಿರುವುದಕ್ಕೆ ಹೆದರಬೇಕಿಲ್ಲ. ಹೆಚ್ಚಾಗಿದ್ದರೆ ಈ ಮೌನಕ್ಕೆ ಅರ್ಥವೇ ಬೇರೆ.

“ಜಿಪಾರ್, ಹೊರಗೆ ಹೋಗಮ್ಮ, ನನ್ನ ಕುದುರೆಗೆ ನೀರು ಕುಡಿಸು,” ಎನ್ನುತ್ತಾರೆ. ಅವರ ಹಿಂದೆ ಬಾಗಿಲ ಪರದೆ ಇಳಿಯುತ್ತಲೇ ದನಿಯೂ ಇಳಿಯುತ್ತದೆ. “ಟೊಕ್ಟೊಬೂಬು ಅಕ್ಕ, ಕಣ್ಣು ಬೀಳದಿರಲಿ ಅಂತ ಲೆಕ್ಕದಲ್ಲಿ ಎಷ್ಟು ತಿಂಗಳು ಕದ್ದಿದ್ದೀಯ?”

“ಕದಿಯೋದಕ್ಕೆ ನಾನೇನು ಕುರಿಗಳ್ಳಿಯಾ?”

“ನಿನ್ನೆ ಬೆಳಿಗ್ಗೆಯಿಂದ ಒದ್ದಿಲ್ಲ, ಅಕ್ಕ,” ಸೊಸೆಯ ಬಾಯಿಂದ ಮಾತು ಜಾರುತ್ತದೆ. ಅತ್ತೆಯ ಎದುರು ದನಿ ಎತ್ತದ ಹುಡುಗಿ.

ಅತ್ತೆ ಒಲೆಯ ಕಡೆ ಮುಖ ತಿರುಗಿಸುತ್ತಾರೆ. “ಎರಡು ಬಸುರು ಹೋಯ್ತಲ್ಲ ಇವಳಿಗೆ. ಎರಡೂ ಸಲ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅದಕ್ಕೇ ಈ ಸಲ... ಆರು. ಆರು ತುಂಬ್ತಾ ಬಂತು.”

ಉಲ್ಕಾನ್ ಬೈಯುವುದಿಲ್ಲ. ಹುಡುಗಿಯನ್ನು ಎಡಕ್ಕೆ ಮಗ್ಗುಲಾಗಿಸಿ, ಗರ್ಭ ಏರಿರುವ ಕಡೆ, ಇನ್ನೂ ಮೇಲೆ, ಕೊಳವೆ ಒತ್ತಿ ಉಸಿರು ಹಿಡಿಯುತ್ತಾರೆ. ಹೊರಗೆ ಕುರಿಮರಿಯೊಂದು ಅರಚುತ್ತದೆ. “ಷ್!” ಅತ್ತೆ ಡೇರೆಯ ಗೋಡೆಗೇ ಗದರುತ್ತಾರೆ.

ಬಹಳ ಹೊತ್ತು. ಆಮೇಲೆ ಉಲ್ಕಾನ್ ಬೆರಳು ಹಾಸಿಗೆಯ ಮೇಲೆ ತಾಳ ಹಾಕತೊಡಗುತ್ತದೆ. ಟಕ ಟಕ ಟಕ.

“ಇದೆ. ದಣಿದಿದೆ, ಆದ್ರೆ ಇದೆ. ಈಗಲೇ ಪೇಟೆ ಆಸ್ಪತ್ರೆಗೆ ಇಳಿಸಿ.”

“ಇವಳು ಹೋದ್ರೆ ಹೆಣ್ಣು ಕುದುರೆಗಳ ಹಾಲು ಕರೆಯೋರು ಯಾರು?”

“ನೀನು! ಬೆರಳು ಬಿದ್ದುಹೋಗಿವೆಯಾ?”

ಹುಡುಗಿಯ ಗಂಡ ಜೀಪು ತಂದು ಅವಳನ್ನು ಹತ್ತಿಸಿಕೊಳ್ಳುತ್ತಾನೆ. ಏನಾಯ್ತೆಂದು ಜಿಪಾರ್ ಓಡಿಬಂದರೆ “ಹಲ್ಲುನೋವು” ಎನ್ನುತ್ತಾರೆ ಟೊಕ್ಟೊಬೂಬು. ಉಲ್ಕಾನ್ ಮುಖ ಗಂಟಿಕ್ಕಿ ತಲೆಯಾಡಿಸುತ್ತಾರೆ. “ದವಡೆ ಹಲ್ಲು. ತಡ ಮಾಡಬಾರದು.”

ಜೀಪು ಮೊದಲ ಹೊಳೆ ದಾಟಿದ ಮೇಲೆ ಗಂಡನ ಫೋನು ಬರುತ್ತದೆ: ಮಗು ಒಮ್ಮೆ ಒದ್ದಿತಂತೆ. ಗಂಡಾಂತರ ಮುಗಿದಿಲ್ಲ, ಉಲ್ಕಾನರಿಗೆ ಗೊತ್ತು. ಆದರೂ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಕುದುರೆ ಹತ್ತುತ್ತಾರೆ.

“ನನ್ನದೊಂದೇ ಆಸೆ,” ಎನ್ನುತ್ತಾರೆ ತಮ್ಮಷ್ಟಕ್ಕೆ. “ಈ ಅತ್ತೆಯರು ಊರಿಗೆಲ್ಲ ಸುಳ್ಳು ಹೇಳಲಿ, ನಾನೂ ಜೊತೆಗೆ ಹೇಳ್ತೀನಿ. ನನ್ನ ಕಿವೀಲಿ ಮಾತ್ರ ನಿಜ ಹೇಳಲಿ.”

ಡೇರೆಯ ಹಿಂದಿನಿಂದ ಬಂದ ಜಿಪಾರ್ ಲಗಾಮು ಹಿಡಿದು ನಿಲ್ಲಿಸುತ್ತಾರೆ. ಆಚೀಚೆ ನೋಡುತ್ತಾರೆ.

“ಅಕ್ಕ, ನನ್ನ ಸೊಸೆಗೆ ಮೂರು ತಿಂಗಳು ಅಂದಿದ್ದೆನಲ್ಲ... ಐದು.”

ಉಲ್ಕಾನ್ ಕುದುರೆಯಿಂದ ಇಳಿಯುತ್ತಾರೆ.