ಮೊದಲ ಲೋಟ ಸಿಹಿನೀರು

ಅವಳಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಕಾರ್ಖಾನೆಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವಳು ಮಸಿಯಮ್ಮ. ಸಮುದ್ರದ ನೀರಿನ ಉಪ್ಪು ತೆಗೆಯುವ ಆ ಕಾರ್ಖಾನೆಯಲ್ಲಿ, ತೆಳು ಪಾಲಿಮರ್ ಪೊರೆಗೆ ಕಾರ್ಬನ್ನಿನ ನ್ಯಾನೋ ಪುಡಿ ಕದಡಿದ ಕಪ್ಪು ದ್ರವ ಬಳಿಯುವುದು ಅವಳ ಕೆಲಸ. ಕೈಗವಸು ಹಾಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಲೇಪ ಸಮನಾಗಿ ಕೂತರೆ ಪೊರೆ ನೀರನ್ನು ಬಿಟ್ಟು ಉಪ್ಪನ್ನು ತಡೆಯುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೆಲಸ ಕಲಿಸಿದ್ದು ಒಡಹುಟ್ಟಿದ ಅಕ್ಕ, ಅದೇ ಕೋಣೆಯ ಮೇಲ್ವಿಚಾರಕಿ. ವರ್ಷಗಟ್ಟಲೆ ತಂಗಿಯ ಕೈಮೇಲೆ ಕೈಯಿಟ್ಟೇ ಬಳಿಸಿದವಳು. ಈ ಸಲ ಮಾತ್ರ ಮಸಿಯಮ್ಮ ಒಬ್ಬಳೇ ಬಳಿದಿದ್ದಳು. ಪೊರೆ ಪರೀಕ್ಷೆಯಲ್ಲಿ ಗೆದ್ದರೆ ಅವಳಿಗೆ ಅವಳದೇ ಮೇಜು. ಸೋತರೆ ಮತ್ತೆ ಅಕ್ಕನ ಬಾಲವಾಗಿರುವುದೇ ಗತಿ.

ಅಲ್ಲೊಂದು ಪದ್ಧತಿಯಿತ್ತು. ಉಪ್ಪಳೆಯುವ ಮೀಟರು ಏನೇ ಹೇಳಲಿ, ಹೊಸ ಪೊರೆಯಿಂದ ಇಳಿದ ಮೊದಲ ಲೋಟವನ್ನು ಬಳಿದವರೇ ಕುಡಿಯಬೇಕು. ಕುಡಿದವರ ಮುಖವೇ ಫಲಿತಾಂಶ. ಅಂದು ಬೆಳಿಗ್ಗೆ ಅಕ್ಕ ತಾನೇ ಪೊರೆ ಕೂರಿಸಿ, ಪಂಪು ಹಾಕಿ, ಲೋಟ ತಂದುಕೊಟ್ಟಳು. ಮಸಿಯಮ್ಮ ಕಣ್ಣು ಮುಚ್ಚಿ ಗುಟುಕರಿಸಿದಳು. ಸಿಹಿನೀರು! ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಜೆ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ಹೋದ ಮೇಲೆ, ಮಸಿಯಮ್ಮ ಪೊರೆ ನೆನೆಯಿಡುವ ತೊಟ್ಟಿಯನ್ನು ತೊಳೆಯಲು ಬಗ್ಗಿದಳು. ಅವಳ ಪೊರೆ ಅಲ್ಲೇ ತೇಲುತ್ತಿತ್ತು; ಮೂಲೆಯಲ್ಲಿ ಅವಳೇ ಹಾಕಿದ ಗುರುತು.

"ಅಕ್ಕಾ, ನಾನು ಕುಡಿದಿದ್ದು ಯಾವ ಪೊರೆ ನೀರು?"

"ನಾನು ಬಳಿದಿದ್ದು ಕಣೇ. ಎಲ್ಲರೆದುರು ನಿನಗೆ ಅವಮಾನ ಆಗ್ಬಾರ್ದು ಅಂತ... ನಿನ್ನ ಒಳ್ಳೇದಕ್ಕೇ ಮಾಡ್ದೆ."

ಒಳ್ಳೆಯದಂತೆ, ಒಳ್ಳೆಯದು! ನಂಬಿಸಿ ಕತ್ತು ಕುಯ್ಯುವವರೆಲ್ಲ ಹೊರಗಿನವರೇ ಆಗಬೇಕೆಂದೇನಿಲ್ಲ. ಬೆಳಗಿನ ಆ ಚಪ್ಪಾಳೆಯಲ್ಲಿ ಒಂದೂ ತನ್ನದಾಗಿರಲಿಲ್ಲವಲ್ಲ ಎಂದು ಮಸಿಯಮ್ಮನ ಹೊಟ್ಟೆ ಉರಿಯಿತು.

ಅವಳು ತನ್ನ ಪೊರೆಯನ್ನು ಕೂರಿಸಿ, ಬೋಲ್ಟು ಬಿಗಿದು, ಪಂಪು ಹಾಕಿದಳು. ನೀರು ತೊಟ್ಟಿಕ್ಕಿ ಲೋಟ ತುಂಬಿತು. ಅರ್ಧ ಲೋಟ ಕುಡಿದಳು. ಉಪ್ಪಿನ ಸುಳಿವೇ ಇಲ್ಲ. ಉಳಿದದ್ದನ್ನು ಅಕ್ಕ ಕುಡಿದು ನೋಡಿ, ಭಾರ ಇಳಿದವಳಂತೆ ನಕ್ಕಳು.

"ನೋಡು, ನಿಂದೂ ಸಿಹಿಯಾಗೇ ಬಂತಲ್ಲ! ಮತ್ಯಾಕೆ ಅಳ್ತಿದ್ದೀಯ?"

"ಉಪ್ಪೇ ಬಂದಿದ್ರೆ ನಿನ್ನನ್ನ ಕ್ಷಮಿಸ್ಬೋದಿತ್ತು, ಅಕ್ಕಾ."