ಮನೆಯಲ್ಲೇ ಹಾಕಿಕೊಂಡು ಬಂದ ಸಹಿ

ಪರ್ತಿನ ನಮ್ಮ ಕನ್ನಡ ಸಂಘ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಪತ್ರಿಕೆ ತರುತ್ತದೆ. ಅದರಲ್ಲಿ ಕಾನೂನಿನ ಪುಟ ನನ್ನದು. ನಮ್ಮವರಲ್ಲಿ ಯಾರು ಹೊಸದಾಗಿ ವಕೀಲರಾದರು, ಯಾರ ಮಗಳು ಕಾನೂನು ಓದಲು ಸೇರಿದಳು, ಉಯಿಲು ಬರೆಯುವುದು ಹೇಗೆ ಎಂದು ಹೇಳಿಕೊಡುವ ಉಚಿತ ಸಭೆ ಯಾವ ಶನಿವಾರ, ಇಂಥ ಸುದ್ದಿಗಳು. ನಾನು ವಕೀಲನಲ್ಲ, ಗಣಿ ಕಂಪನಿಯೊಂದರಲ್ಲಿ ಇಂಜಿನಿಯರ್. ಯಾರು ಏನು ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವ ಚಟ ನನಗಿದೆ. ಅದಕ್ಕೇ ಈ ಪುಟವನ್ನು ನನಗೆ ಅಂಟಿಸಿದರು.

ಆ ಸಲದ ಸಂಚಿಕೆಗೆ ನಾನು ಮೊದಲೇ ಬರೆದಿಟ್ಟುಕೊಂಡಿದ್ದ ಸುದ್ದಿ ನನ್ನ ಗೆಳೆಯನದು. ಬ್ರಿಸ್ಬೇನಿನಲ್ಲಿ ಓದುವಾಗ ಇಂಡೂರೂಪಿಲ್ಲಿ ಬಡಾವಣೆಯ ಒಂದೇ ಮನೆಯಲ್ಲಿ ಎರಡು ವರ್ಷ ಇದ್ದವರು ನಾವು. ಈಗ ಅವನು ಅಡಿಲೇಡಿನಲ್ಲಿದ್ದಾನೆ. ನಲವತ್ತು ದಾಟಿದ ಮೇಲೆ, ಸಾಫ್ಟ್‌ವೇರ್ ಕೆಲಸ ಮಾಡುತ್ತಲೇ ಕಾನೂನು ಪದವಿ ಮುಗಿಸಿದ. ಇನ್ನು ಕೋರ್ಟಿನಲ್ಲಿ ವಕೀಲನಾಗಿ ಹೆಸರು ದಾಖಲಾಗುವುದಷ್ಟೇ ಬಾಕಿ. ಸುದ್ದಿಯ ಪಕ್ಕದಲ್ಲಿ ಅವನು ಗೌನು ಹಾಕಿಕೊಂಡ ಫೋಟೊಗೆ ಜಾಗ ಬಿಟ್ಟಿದ್ದೆ.

ಒಂದು ಗುರುವಾರ ಮಧ್ಯಾಹ್ನ ಪರ್ತ್ ಸಿಟಿಯಲ್ಲಿ ಆಫೀಸಿನ ಕೆಳಗೆ ಊಟದ ಡಬ್ಬಿ ತೆಗೆಯುತ್ತಿದ್ದಾಗ ಅವನ ಫೋನು ಬಂತು.

"ಮಗಾ, ಒಂದು ಅಫಿಡವಿಟ್ ಬೇಕು ಕಣೋ."

"ಏನಾಯ್ತೋ?"

"ಏನೂ ಆಗಿಲ್ಲ. ಆ ಅಸೈನ್‌ಮೆಂಟ್ ಗಲಾಟೆ ನೆನಪಿದ್ಯಲ್ಲ, ಅದನ್ನ ಹೇಳ್ಕೊಂಡಿದೀನಿ. ನೀನವತ್ತು ಡಿಪಾರ್ಟ್‌ಮೆಂಟಿಗೆ ಕೊಟ್ಟ ಲೆಟರ್ ಇದೆಯಲ್ಲ, ಅದನ್ನೇ ಈಗ ಪ್ರಮಾಣ ಮಾಡಿ ಹೇಳಬೇಕು. ಸೋಮವಾರದೊಳಗೆ."

ಇಲ್ಲಿ ವಕೀಲನಾಗಲು ಹೊರಟವನು ತನ್ನ ಹಿಂದಿನ ತಪ್ಪುಗಳನ್ನೆಲ್ಲ ತಾನೇ ಮುಂದೆ ಬಂದು ಹೇಳಿಕೊಳ್ಳಬೇಕು, ವಿದ್ಯಾರ್ಥಿಯಾಗಿದ್ದಾಗಿನದನ್ನೂ. ತಪ್ಪು ಮಾಡಿದ್ದನ್ನು ಕ್ಷಮಿಸಿಯಾರು, ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ. ಗೆಳೆಯ ಮುಚ್ಚಿಡಲಿಲ್ಲ. ಇಂಡೂರೂಪಿಲ್ಲಿಯ ಕಾಲದಲ್ಲಿ ಅವನ ಅಸೈನ್‌ಮೆಂಟೂ ಒಬ್ಬ ಸಹಪಾಠಿಯ ಅಸೈನ್‌ಮೆಂಟೂ ಸಾಲು ಸಾಲು ಒಂದೇ ಇದ್ದವು. ಸಲ್ಲಿಸುವ ಹಿಂದಿನ ಸಂಜೆ ಆ ಸಹಪಾಠಿ ನಮ್ಮ ಮನೆಗೆ ಬಂದು, ಏನೋ ಪ್ರಿಂಟ್ ತೆಗೆಯಬೇಕೆಂದು ಹಿಂದಿನ ಕೋಣೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಗೆಳೆಯನೇ ಫೈಲು ಕೊಟ್ಟನೋ, ಸಹಪಾಠಿ ಕೇಳದೆ ತೆಗೆದುಕೊಂಡನೋ ಎಂಬುದು ಪ್ರಶ್ನೆ. ಗೆಳೆಯ ಆ ಸಂಜೆ ಆರರಿಂದ ಒಂಬತ್ತರವರೆಗೆ ಹಾಲ್‌ನಲ್ಲಿ ನನ್ನ ಪಕ್ಕ ಕುಳಿತು ಟಿವಿಯಲ್ಲಿ ಕೊಲೆ ಕೇಸಿನ ತೀರ್ಪು ನೋಡುತ್ತಿದ್ದ, ಹಿಂದಿನ ಕೋಣೆಗೆ ಹೋಗಲೇ ಇಲ್ಲ ಎಂದು ನನ್ನ ಪತ್ರ ಹೇಳಿತ್ತು. ಅದನ್ನು ನಂಬಿ ಅವನನ್ನು ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು.

"ಆಯ್ತು ಬಿಡೋ, ಕಳ್ಸು," ಎಂದೆ. ಫೋನಿಟ್ಟ ಮೇಲೆ ಊಟ ಸೇರಲಿಲ್ಲ.

ಥಾರ್ನ್ಲಿಯ ನಮ್ಮ ಮನೆಗೆ ಹೋಗುವ ರೈಲಿನಲ್ಲಿ ಕುಳಿತು ಆ ಸಂಜೆಯನ್ನು ನೆನಪಿಗೆ ಕರೆದೆ. ಅದು ತಡವಿಲ್ಲದೆ ಬಂತು. ಬಾಡಿಗೆ ಮನೆಯ ಕಂದು ಸೋಫಾ, ಮಂಡಕ್ಕಿಯ ಬಟ್ಟಲು, ಕಿಟಕಿಯಾಚೆ ಗಿಳಿಗಳ ಗದ್ದಲ. ಟಿವಿಯಲ್ಲಿ ಅಮೆರಿಕದ ಕೋರ್ಟು. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಗಂಡ ಕಟಕಟೆಯಲ್ಲಿ ಕುಳಿತಿದ್ದಾನೆ. ಆ ವಿಚಾರಣೆಯನ್ನು ನಾವು ವಾರಗಟ್ಟಲೆ ಕ್ರಿಕೆಟ್ ಸರಣಿಯ ಹಾಗೆ ನೋಡಿದ್ದೆವು. ಪಕ್ಷ ಕಟ್ಟಿಕೊಂಡಿದ್ದೆವು, ಗೆಳೆಯ ಗಂಡನ ಕಡೆ, ನಾನು ಸರ್ಕಾರದ ಕಡೆ. ಎಲ್ಲಕ್ಕಿಂತ ನೆನಪಿರುವುದು ಸಾಕ್ಷಿ ಹೇಳಲು ಬಂದ ನೆರೆಮನೆಯ ಹೆಂಗಸು. ಕೊಲೆಯಾದ ರಾತ್ರಿ ಅವರ ವರಾಂಡದ ದೀಪ ಉರಿಯುತ್ತಿತ್ತು, ನಾನೇ ನೋಡಿದೆ ಎಂದು ಆಕೆ ಖಚಿತವಾಗಿ ಹೇಳಿದಳು. ಆ ದೀಪ ಒಂದು ವಾರದಿಂದ ಕೆಟ್ಟಿತ್ತು ಎಂಬ ರಸೀದಿಯನ್ನು ಗಂಡನ ವಕೀಲ ಎತ್ತಿ ಹಿಡಿದ. ಆಕೆಯ ಮುಖ ನೋಡಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಇಂಥವರನ್ನೆಲ್ಲ ಸಾಕ್ಷಿಗೆ ಯಾಕೆ ಕರೆಯುತ್ತಾರೋ ಎಂದಿದ್ದೆ.

ಚಿತ್ರ ಸ್ಪಷ್ಟವಾಗಿತ್ತು. ಅಷ್ಟು ಸ್ಪಷ್ಟವಾಗಿದ್ದದ್ದೇ ನನಗೆ ಹಿಡಿಸಲಿಲ್ಲ.

ಮನೆಗೆ ಬಂದು ಹಳೆಯ ಪತ್ರಿಕಾ ವರದಿಗಳನ್ನು ಹುಡುಕಿದೆ. ತೀರ್ಪು ಬಂದದ್ದು ಅಮೆರಿಕದ ಪಶ್ಚಿಮ ತೀರದಲ್ಲಿ ಮಧ್ಯಾಹ್ನದ ಹೊತ್ತು. ಬ್ರಿಸ್ಬೇನಿನಲ್ಲಿ ಆಗ ಮರುದಿನ ಬೆಳಿಗ್ಗೆ ಏಳು ಗಂಟೆ. ಸಂಜೆಯಲ್ಲ. ಇನ್ನೂ ಕೆದಕಿದಾಗ ದೀಪದ ಹೆಂಗಸು ಆ ಕೇಸಿನಲ್ಲೇ ಇರಲಿಲ್ಲ. ಆಕೆ ಬೇರೆ ಯಾವುದೋ ವಿಚಾರಣೆಯವಳು, ಅಥವಾ ನಾನು ಎರಡು ಮೂರು ಮುಖ ಸೇರಿಸಿ ಮಾಡಿಕೊಂಡವಳು.

ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು. ವಿಷಯ ಹೇಳಿದೆ.

"ಸಂಜೆ ನ್ಯೂಸಿನಲ್ಲಿ ಮತ್ತೆ ತೋರಿಸಿರಬಹುದಲ್ಲ ರೀ."

"ಇರಬಹುದು. ಮೂರು ಗಂಟೆ ತೋರಿಸ್ತಾರಾ?"

"ನಿಮಗೆ ಬೆಳಿಗ್ಗೆ ಗ್ಯಾರೇಜ್ ಬಾಗಿಲು ಹಾಕಿದ್ದೇ ನೆನಪಿರಲ್ಲ, ಅರ್ಧ ದಾರಿಯಿಂದ ಫೋನ್ ಮಾಡ್ತೀರ. ಹದಿನೆಂಟು ವರ್ಷದ ಹಿಂದಿನ ಸಂಜೆಗೆ ಸಾಕ್ಷಿ ಬೇರೆ."

ಮೇಜಿನ ಹತ್ತಿರ ಕುಳಿತಿದ್ದ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಪ್ಪಾ, ದಟ್ಸ್ ಲಿಟರಲಿ ಪರ್ಜರಿ," ಎಂದಳು. ಸುಳ್ಳು ಸಾಕ್ಷಿ. ಶಾಲೆಯಲ್ಲಿ ಅವಳಿಗೆ ಕಾನೂನು ಒಂದು ಪಾಠ.

"ಸುಳ್ಳಲ್ಲಮ್ಮ, ನೆನಪಿನ ವಿಷಯ," ಎಂದೆ.

"ಸೇಮ್ ಥಿಂಗ್ ಇಫ್ ಯು ನೋ ಯು ಡೋಂಟ್ ನೋ," ಎಂದಳು. ಗೊತ್ತಿಲ್ಲ ಅನ್ನೋದು ಗೊತ್ತಿದ್ದರೆ ಎರಡೂ ಒಂದೇ. ನಾನು ಸೌತೆಕಾಯಿ ಹೆಚ್ಚಲು ಹೋದೆ.

ಶುಕ್ರವಾರ ಗೆಳೆಯನ ಕರಡು ಬಂತು. ಪತ್ರದಲ್ಲಿದ್ದದ್ದೇ ಅಲ್ಲೂ ಇತ್ತು. ಆರರಿಂದ ಒಂಬತ್ತು, ಹಾಲ್, ತೀರ್ಪು, ಹಿಂದಿನ ಕೋಣೆಗೆ ಹೋಗಲೇ ಇಲ್ಲ. ಎರಡು ಸಲ ಓದಿದೆ. ನಾನು ಒಪ್ಪದಿದ್ದರೆ ಅವನ ಆರು ವರ್ಷದ ಓದು ನೀರಿಗೆ ಹೋಗಬಹುದು. ಒಪ್ಪಿ, ಯಾರಾದರೂ ನನ್ನ ಹಾಗೆ ಕೂತು ಗಡಿಯಾರ ನೋಡಿದರೆ, ಇಬ್ಬರೂ ಮುಳುಗಬಹುದು. ಕೊನೆಗೆ ಪ್ರತಿ ಪುಟಕ್ಕೂ ಸಹಿ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕಾರಿನ ಕೀಲಿಯ ಪಕ್ಕ ಇಟ್ಟೆ. ಸಹಿ ಹಾಕಿದ ಮೇಲೆ ಯೋಚಿಸುವ ಕೆಲಸ ಮುಗಿಯುತ್ತದೆ ಎಂದು ಎಣಿಸಿದ್ದೆ.

ಶನಿವಾರ ಬೆಳಿಗ್ಗೆ ಥಾರ್ನ್ಲಿಯ ಶಾಪಿಂಗ್ ಸೆಂಟರಿನಲ್ಲಿ ಒಂದು ಮಡಚುವ ಮೇಜು ಹಾಕಿಕೊಂಡು ಜೆ.ಪಿ.ಯೊಬ್ಬರು ಕೂರುತ್ತಾರೆ. ಜನರ ದಾಖಲೆಗಳಿಗೆ ಸಾಕ್ಷಿಯಾಗಿ ಸಹಿ ಹಾಕಿಕೊಡುವ ಸ್ವಯಂಸೇವಕರು ಅವರು. ಆ ದಿನ ಕುಳಿತಿದ್ದವರು ನಮ್ಮವರೇ, ಮೈಸೂರಿನ ಬ್ಯಾಂಕಿನಿಂದ ನಿವೃತ್ತರಾಗಿ ಮಗನ ಹತ್ತಿರ ಬಂದು ನೆಲೆಸಿದ ಅಂಕಲ್. ಅವರು ಜೆ.ಪಿ. ಆದ ಸುದ್ದಿಯನ್ನೂ ನನ್ನ ಪುಟದಲ್ಲೇ ಹಾಕಿದ್ದೆ.

"ಬಾರಪ್ಪಾ ಎಡಿಟರ್! ನನ್ನ ಫೋಟೊ ಚಿಕ್ಕದು ಹಾಕಿಬಿಟ್ಟೆ ಅಂತ ನಿಮ್ಮ ಆಂಟಿಗೆ ಇನ್ನೂ ಕೋಪ."

ಕಾಗದ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಮೊದಲ ಪುಟ ನೋಡಿದರು, ಕೊನೆಯ ಪುಟ ನೋಡಿದರು, ನನ್ನನ್ನು ನೋಡಿದರು.

"ಇದೇನಯ್ಯ, ಆಗಲೇ ಸೈನ್ ಮಾಡ್ಕೊಂಡು ಬಂದಿದೀಯ?"

"ಟೈಮ್ ಉಳೀಲಿ ಅಂತ, ಅಂಕಲ್."

"ನಮ್ಮೋರೆಲ್ಲ ಇದೇ. ವಾರಕ್ಕೆ ಮೂರು ಜನ ಬರ್ತಾರೆ, ಮೂರೂ ಜನ ಮನೇಲೇ ಸೈನ್. ಊರಲ್ಲಿ ಗೆಜೆಟೆಡ್ ಆಫೀಸರ್ ಹತ್ರ ಹೋಗ್ತಿದ್ವಲ್ಲ, ಅವನು ಕಾಫಿ ಕುಡೀತಾ ತಲೆ ಎತ್ತದೆ ಸೀಲ್ ಒತ್ತುತಿದ್ದ. ಇಲ್ಲಿ ಹಾಗಲ್ಲಪ್ಪ. ನೀನು ನನ್ನ ಕಣ್ಣೆದುರು ಇದು ನಿಜ ಅಂತ ಬಾಯಿಬಿಟ್ಟು ಹೇಳ್ಬೇಕು, ಆಮೇಲೆ ಸೈನ್ ಹಾಕ್ಬೇಕು, ನಾನು ನೋಡ್ಬೇಕು. ಇದು ರದ್ದಿ. ಲೈಬ್ರರೀಲಿ ಪ್ರಿಂಟರ್ ಇದೆ, ಹೊಸದು ತೆಗೆಸ್ಕೊಂಡು ಬಾ. ಹನ್ನೆರಡರವರೆಗೆ ಇರ್ತೀನಿ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ದೇವರ ಮೇಲೆ ಪ್ರಮಾಣಾನೋ, ಬರೀ ಮಾತಾ? ಇಲ್ಲಿ ಎರಡೂ ನಡೆಯುತ್ತೆ," ಎಂದು ಕೇಳಿದರು.

"ಬರೀ ಮಾತು, ಅಂಕಲ್."

"ಗೊತ್ತಿತ್ತು ಬಿಡು. ದೇವರಿಲ್ದೇ ಇದ್ರೆ ಜವಾಬ್ದಾರಿ ಎಲ್ಲ ನಿಂದೇ ಆಯ್ತು."

ಲೈಬ್ರರಿಗೆ ಹೋಗಿ ಪ್ರಿಂಟರಿನ ಮುಂದೆ ನನ್ನ ಸರದಿಗೆ ನಿಂತೆ. ಊರಲ್ಲಿ ತಲೆ ಎತ್ತದೆ ಸೀಲ್ ಒತ್ತುತ್ತಿದ್ದರು ಎಂದರಲ್ಲ ಅಂಕಲ್, ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬೇರೆಯವರು ಬರೆದದ್ದಕ್ಕೆ ನಾನು ಸಹಿ ಹಾಕಿದ್ದು ಇದೇ ಮೊದಲಲ್ಲ ಅನ್ನಿಸಿತು. ಅಂದಿನ ಆ ಪತ್ರ, ಅದರಲ್ಲಿದ್ದ ಅಚ್ಚುಕಟ್ಟಾದ ಇಂಗ್ಲಿಷ್, 'ಆರರಿಂದ ಒಂಬತ್ತು' ಎಂಬ ಲೆಕ್ಕ. ನಾನು ಹಾಗೆ ಬರೆಯುವವನೇ ಅಲ್ಲ. ಸಾಲಿನಿಂದ ಈಚೆ ಬಂದು ಅಡಿಲೇಡಿಗೆ ಫೋನ್ ಮಾಡಿದೆ.

"ಆ ಲೆಟರ್ ಬರೆದಿದ್ದು ಯಾರೋ?"

"ಯಾವ್ದು?"

"ಡಿಪಾರ್ಟ್‌ಮೆಂಟಿಗೆ ಕೊಟ್ಟಿದ್ದು."

"ನಾನೇ ಕಣೋ. ನೀನು ಪಾರ್ಟ್‌ಟೈಮ್ ಕೆಲಸಕ್ಕೆ ಓಡ್ತಾ ಇದ್ದೆ, ಬಾಗಿಲಲ್ಲಿ ನಿಂತು ಸೈನ್ ಹಾಕ್ದೆ. ಓದಿದ್ಯೋ ಇಲ್ವೋ ಅಂತಾನೂ ಕೇಳ್ಲಿಲ್ಲ ನಾನು. ಯಾಕೆ ಈಗ?"

ಕಂದು ಸೋಫಾ, ಮಂಡಕ್ಕಿ, ಪಕ್ಕದಲ್ಲಿ ಅವನು. ಇದೆಲ್ಲ ಆ ಸಂಜೆಯಿಂದ ಬಂದದ್ದೋ, ಆ ಕಾಗದದಿಂದ ಬಂದದ್ದೋ? ಸಹಿ ಹಾಕಿದ ಮೇಲೆ ಎಷ್ಟೋ ಸಲ ಆ ಕಥೆಯನ್ನು ಬೇರೆಯವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಮಂಡಕ್ಕಿಯಂಥ ಒಂದೊಂದು ವಿವರ ಸೇರಿರಬೇಕು.

"ನಂಗೆ ನೆನಪಿಲ್ಲ ಕಣೋ. ನೀನು ಪಕ್ಕದಲ್ಲಿದ್ದೆ ಅಂತ ಪ್ರಮಾಣ ಮಾಡಕ್ಕಾಗಲ್ಲ."

ಆ ಕಡೆ ಅವನ ಮನೆಯ ಮಿಕ್ಸಿ ತಿರುಗುವುದು ಕೇಳಿಸಿತು.

"ಈಗ ಹೇಳ್ತೀಯಲ್ಲೋ. ಸೋಮವಾರ ಕೊಡ್ಬೇಕು. ನಾನು ಫೈಲ್ ಕೊಟ್ಟೆ ಅಂತ ನಿಂಗೂ ಅನ್ಸುತ್ತಾ?"

"ಇಲ್ಲ. ಕೊಟ್ಟೆ ಅಂತಾನೂ ಗೊತ್ತಿಲ್ಲ, ಕೊಟ್ಟಿಲ್ಲ ಅಂತಾನೂ ಗೊತ್ತಿಲ್ಲ. ನೀನು ಹಾಕಿರೋ ಪೇಪರಲ್ಲಿ ಆ ಲೆಟರ್ ಬಗ್ಗೆ ಏನಂತ ಬರ್ದಿದೀಯ?"

"ರೂಮ್‌ಮೇಟ್ ತಾನಾಗೇ ಬರೆದುಕೊಟ್ಟ ಅಂತ." ಪತ್ರ ಬರೆದದ್ದು ತಾನೇ ಎಂದು ಈಗಷ್ಟೇ ನನಗೆ ಹೇಳಿದ್ದು ಅವನಿಗೂ ಹೊಳೆಯಿತು. "ಅಯ್ಯೋ" ಎಂದ, ತೀರ ಸಣ್ಣಗೆ. ಆಮೇಲೆ ಫೋನು ಕಟ್ಟಾಯಿತು.

ಲೈಬ್ರರಿಯ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದೆ. ಆ ಸಂಜೆ ಮೂವರೂ ಮನೆಯಲ್ಲಿದ್ದೆವು ಎಂದು ನಂಬಿದ್ದೇನೆ. ಗೆಳೆಯ ನನ್ನ ಪಕ್ಕದಲ್ಲಿ ಎಷ್ಟು ಹೊತ್ತು ಇದ್ದ ಎಂಬುದು ನೆನಪಿಲ್ಲ. ಅಂದಿನ ಪತ್ರವನ್ನು ನಾನು ಬರೆದದ್ದಲ್ಲ, ಸಹಿ ಮಾತ್ರ ನನ್ನದು. ಅವನನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ಅವನು ಬೇಕೆಂದು ಯಾರಿಗೂ ಮೋಸ ಮಾಡಿದ್ದನ್ನು ಕಂಡಿಲ್ಲ. ಎಲ್ಲ ಸೇರಿ ಅರ್ಧ ಪುಟ. ಇಪ್ಪತ್ತೋ ಹತ್ತೊಂಬತ್ತೋ ಎಂದು ಅನುಮಾನ ಬಂದು, 'ಸುಮಾರು' ಎಂದು ಸೇರಿಸಿದೆ.

ಅಂಕಲ್ ಮೇಜು ಮಡಚುವ ಹೊತ್ತಿಗೆ ಓಡಿಬಂದೆ. "ಇದು ನಿಜಾನಾ?" ಎಂದು ಕೇಳಿದರು. "ನಿಜ" ಎಂದೆ. ಅವರು ನೋಡುತ್ತಿದ್ದಂತೆ ಸಹಿ ಹಾಕಿದೆ. ಸಹಿ ನನ್ನದರಂತೆಯೇ ಕಾಣಲಿಲ್ಲ. "ಪಾಸ್‌ಪೋರ್ಟಿಗೆ ಹೀಗೆ ಹಾಕ್ಬೇಡ," ಎಂದು ನಕ್ಕರು.

ಸ್ಕ್ಯಾನ್ ಮಾಡಿ ಕಳಿಸಿದೆ. ಅವನು ನೋಡಿದ ಗುರುತು ಕೂಡಲೇ ಬಂತು, ಉತ್ತರ ಬರಲಿಲ್ಲ. ಭಾನುವಾರ ಸಂಜೆ ಒಂದು ಸಾಲು ಬಂತು: 'ನಂದೂ ತಿದ್ದಿದೀನಿ. ಲೆಟರ್ ನಾನೇ ಬರೆದೆ ಅಂತ ಹಾಕಿದೀನಿ. ಏನಾಗುತ್ತೋ ನೋಡೋಣ.'

ಈಗ ಏಳು ವಾರ. ಅವನ ಅರ್ಜಿಯ ಬಗ್ಗೆ ಇನ್ನೂ ವಿವರಣೆ ಕೇಳುತ್ತಿದ್ದಾರಂತೆ. ಇದನ್ನು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು. ಅವನು ನನಗೆ ಹೇಳಿಲ್ಲ. ಫೋನ್ ಮಾಡುತ್ತಾನೆ, ಮಕ್ಕಳ ಬಗ್ಗೆ, ಕ್ರಿಕೆಟ್ ಬಗ್ಗೆ ಮಾತಾಡುತ್ತಾನೆ. ನಾನು ಸರಿ ಮಾಡಿದೆನೋ, ಬರೀ ನನ್ನ ತಲೆ ಉಳಿಸಿಕೊಂಡೆನೋ ಎಂದು ಪ್ರತಿ ಸಲ ಫೋನಿಟ್ಟ ಮೇಲೆ ಯೋಚನೆ ಬರುತ್ತದೆ.

ಪತ್ರಿಕೆ ಅಚ್ಚಿಗೆ ಹೋಗಬೇಕಿತ್ತು. ಅವನ ಸುದ್ದಿಯನ್ನೂ ಫೋಟೊದ ಜಾಗವನ್ನೂ ತೆಗೆದೆ. ಖಾಲಿಯಾದಲ್ಲಿ ಅಂಕಲ್ ಬಹಳ ದಿನದಿಂದ ಕೇಳುತ್ತಿದ್ದ ಪ್ರಕಟಣೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದೆ: ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ದಯವಿಟ್ಟು ಮನೆಯಲ್ಲೇ ಸಹಿ ಹಾಕಿಕೊಂಡು ಬರಬೇಡಿ.